ನ್ಯಾಗೊಂಡ್ವೆ ಹಾಡಿದ್ದ ಡಿಸ್ಕುಗಳು

ನಂಬೋದು ಬಿಡೋದು ನಿಮಗೆ ಬಿಟ್ಟದ್ದು... ಇದು ನನ್ನ ಚಿಕ್ಕಪ್ಪನ ಮಗಳು ಟಿಯೊಂಗೆಗೆ ಆದದ್ದು. ಎಂಜೂಜು ಪೇಟೆಯಲ್ಲಿ ಅವಳದೊಂದು ಕಂಪ್ಯೂಟರ್ ರಿಪೇರಿ ಅಂಗಡಿ.

ಅವತ್ತು ಕತ್ತಲಾದ ಮೇಲೆ ಒಬ್ಬಳೇ ಮನೆಗೆ ಬರ್ತಿದ್ದಳು. ಕರೆಂಟಿಲ್ಲ. ಬೋರ್‌ವೆಲ್ ಹತ್ತಿರ ಕೈಪಂಪಿನ ಸದ್ದು. ಕೀಂಚ್... ಟಕ್. ಕೀಂಚ್... ಟಕ್. ಯಾರೋ ನೀರು ಹೊಡೀತಿದಾರೆ ಅಂದುಕೊಂಡಳು. ಹತ್ತಿರ ಹೋದರೆ ಪಂಪಿನ ಹಿಡಿ ಅಲ್ಲಾಡ್ತಿಲ್ಲ. ಸದ್ದು ಮಾತ್ರ ನಿಂತಿಲ್ಲ.

ಜೊತೆಗೆ ಹೆಂಗಸಿನ ದನಿ... ಹಾಡ್ತಿದೆ.

ಆ ದನಿ ಅವಳಿಗೆ ಗೊತ್ತಿತ್ತು. ಅವತ್ತು ಬೆಳಿಗ್ಗೆಯಷ್ಟೇ ಅಂಗಡಿಯಲ್ಲಿ ಕೇಳಿದ್ದಳು. ಸತ್ತು ವರ್ಷವಾಗಿದ್ದ ನ್ಯಾಗೊಂಡ್ವೆಯ ದನಿ.

ಆಕೆಯ ಗಂಡ, ರಿಟೈರಾದ ಮೇಷ್ಟ್ರು ಕುಮ್ವೆಂಡ ಅಜ್ಜ, ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸೋಕೆ ಕಂಪ್ಯೂಟರ್ ತಂದಿದ್ದರು. ಹೆಂಡತಿ ಹಾಡಿದ್ದ ನಲವತ್ತು ಹಾಡು ಅದರಲ್ಲಿದ್ದವು. ಬೇರೆಲ್ಲೂ ಇರಲಿಲ್ಲ.

"ಅಜ್ಜ, ಇದರಲ್ಲಿ ಎರಡು ಡಿಸ್ಕಿವೆ. ಒಳಗಿನ ಬೋರ್ಡು ಎರಡೂ ಸೇರಿ ಒಂದೇ, ಒಂದರ ನಕಲು ಇನ್ನೊಂದು ಅನ್ನುತ್ತೆ. ಹೊಸ ಸಿಸ್ಟಮ್ಮು, ಇಲ್ಲ, ಬೇರೆ ಬೇರೆ ಅನ್ನುತ್ತೆ."

"ನಾನೂ ಅವಳೂ ಹೀಗೇ ಸಂಸಾರ ಮಾಡಿದ್ವಿ ಕಣಮ್ಮ," ಅಜ್ಜ ನಕ್ಕರಂತೆ. "ಕೊನೆಗೆ ನಡೀತಿದ್ದದ್ದು ಅವಳ ಮಾತೇ."

ಟಿಯೊಂಗೆ ಸಿಸ್ಟಮ್ಮನ್ನ ನಂಬಿದಳು. ಎರಡರಲ್ಲೂ ಅವೇ ಹಾಡು, ಒಂದರಲ್ಲಿದ್ದರೆ ಸಾಕಲ್ಲ ಅಂತ ಇನ್ನೊಂದನ್ನ ಅಳಿಸಿ ಅದರಲ್ಲಿ ಹೊಸ ಸಿಸ್ಟಮ್ ಹಾಕಿದಳು. ಮತ್ತೆ ಚಾಲೂ ಮಾಡಿದಾಗ, ಎರಡು ಡಿಸ್ಕೂ ಒಂದೇ ಥರ ಇಲ್ಲ, ಸರಿಪಡಿಸಲೇ ಅಂತ ಬೋರ್ಡು ಕೇಳಿತು. ಸರಿಯಾಗಿ ಓದದೆ ಹೂಂ ಅಂತ ಒತ್ತಿಬಿಟ್ಟಳು. ಹಾಡುಗಳಿದ್ದ ಡಿಸ್ಕಿನ ಮೇಲೆ ಅದು ಹಾಡಿಲ್ಲದ ಡಿಸ್ಕಿನಲ್ಲಿದ್ದದ್ದನ್ನೇ ಬರೆಯುತ್ತಾ ಹೋಯಿತು. ಕರ್... ಕರ್... ಎರಡು ಗಂಟೆ. ಆಮೇಲೆ ನೋಡಿದರೆ ಒಂದು ಹಾಡೂ ಇಲ್ಲ.

"ಡಿಸ್ಕು ಮೊದಲೇ ಕೆಟ್ಟಿತ್ತು ಅಜ್ಜ," ಅಂತ ಸುಳ್ಳು ಹೇಳಿದಳು. ಅವರು ಎದ್ದು ಹೋದರು.

ಈಗ ಬೋರ್‌ವೆಲ್ ಹತ್ತಿರ ಆ ದನಿ.

"ಅಮ್ಮಾ... ನೀವಾ?" ಪಿಸುಗುಟ್ಟಿದಳು.

ಹಾಡು ನಿಂತಿತು.

"ಅವರಿಗೆ ನಿಜ ಹೇಳು..."

ಅಷ್ಟೇ. ಮತ್ತೆ ಮೊದಲಿಂದ ಹಾಡು ಶುರುವಾಯಿತು. ಮುಗಿಯೋತನಕ ನಿಂತು ಕೇಳಿದಳು.

ಮಾರನೇ ಬೆಳಿಗ್ಗೆ ನನ್ನನ್ನೂ ಕರ್ಕೊಂಡು ಅಜ್ಜನ ಮನೆಗೆ ಹೋದಳು. "ಅದು ಕೆಟ್ಟಿರಲಿಲ್ಲ ಅಜ್ಜ. ನಾನೇ ಹಾಳು ಮಾಡಿದೆ."

ಅಜ್ಜ ಎದ್ದು ಬಾಗಿಲ ಹತ್ತಿರ ಬಂದರು. ಆಮೇಲೆ, "ಅವಳ ದನಿ ಮರೆತುಹೋಗ್ತಿದೆ ಮಗಳೇ," ಅಂದರು. "ದಿನಾ ಒಂದೊಂದು ಹಾಕ್ಕೊಂಡು ಕೇಳ್ತಿದ್ದೆ..."

ಟಿಯೊಂಗೆ ಅಳುತ್ತಲೇ, ರಾತ್ರಿ ಕೇಳಿದ್ದನ್ನ ಹಾಡಿದಳು. ಎರಡನೇ ಸಾಲಿಗೆ ಅಜ್ಜ ಬಾಗಿಲ ಚೌಕಟ್ಟು ಹಿಡ್ಕೊಂಡರು.

"ಇದನ್ನ ನಿನಗೆ ಯಾರು ಹೇಳಿಕೊಟ್ಟರು?"

ಅವರ ಮೊದಲ ಮಗು ಎಂಟೇ ದಿನ ಬದುಕಿತ್ತಂತೆ. ಅದಕ್ಕೆ ಹಾಡಿದ ಜೋಗುಳ ಅದು. ಆಮೇಲೆ ಆಕೆ ಅದನ್ನ ಬಾಯಲ್ಲಿ ಎತ್ತಲೇ ಇಲ್ಲ. ಕಂಪ್ಯೂಟರಿನ ನಲವತ್ತರಲ್ಲಿ ಅದು ಇರಲೇ ಇಲ್ಲ.

ಮಸೋಜಿ ಅಂತ ಒಂದು ಹೆಸರು ಬಂತು ಹಾಡಲ್ಲಿ. ಆ ಮಗುವಿಗೆ ಹೆಸರಿಟ್ಟಿದ್ದು ಗಂಡ ಹೆಂಡತಿ ಇಬ್ಬರನ್ನ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲವಂತೆ.

ಸುಳ್ಳಲ್ಲ... ನಾನು ಅಲ್ಲೇ ನಿಂತಿದ್ದೆ.