ಚಿತ್ರದ ಪಕ್ಕದಲ್ಲಿ ಅಕ್ಕನ ಕೈ

ನಡುವಿನ ಕುರ್ಚಿಯನ್ನು ಎಲ್ಲ ಅರ್ಥದಲ್ಲೂ ತುಂಬಿರುವ ಅಧ್ಯಕ್ಷರಾದ ಸಂಗ್ರಹಾಲಯದ ನಿರ್ದೇಶಕರೇ, ನಾನು ಎಷ್ಟು ಹೊತ್ತು ಮಾತಾಡುತ್ತೇನೋ ಎಂದು ಈಗಲೇ ಗಡಿಯಾರ ನೋಡುತ್ತಿರುವ ಮುದ್ರಣಾಲಯದ ಮಾಲೀಕರೇ, ಸಂಗ್ರಹಾಲಯದ ಪರೀಕ್ಷಕಿ ಮೇಡಂ ಅವರೇ, ಸನ್ಮಾನಕ್ಕೆ ಒಪ್ಪಿ ಸನ್ಮಾನದ ಕುರ್ಚಿಗೆ ಒಪ್ಪದೆ ಮುಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತಿರುವ ನನ್ನ ಭಾವನವರೇ, ಮತ್ತು ಚಹಾ ಭಾಷಣದ ನಂತರ ಎಂದು ತಿಳಿದ ಮೇಲೂ ಎದ್ದುಹೋಗದ ಸಭಿಕರೇ,

ಸನ್ಮಾನಿತರೇ ಎರಡು ಮಾತಾಡುತ್ತಾರೆಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿದೆ. ಆದರೆ ಜೀವಮಾನವೆಲ್ಲ ಅಚ್ಚಿನ ಮನೆಯಲ್ಲಿ ಕಳೆದವರಿಗೆ ಅಚ್ಚಾದದ್ದನ್ನೆಲ್ಲ ನಂಬಬಾರದೆಂದು ಗೊತ್ತಿರುತ್ತದೆ. "ಕಾಲೇಜಲ್ಲಿ ಇಡೀ ದಿನ ಮಾತಾಡಿ ಸಂಬಳ ತಗೊಳ್ತೀಯಲ್ಲ, ಇವತ್ತೊಂದಿನ ಪುಕ್ಕಟೆ ಮಾತಾಡು ಹೋಗು" ಎಂದು ಭಾವ ನನ್ನನ್ನು ಇಲ್ಲಿಗೆ ದೂಡಿದರು. ಆದ್ದರಿಂದ ನಿಮ್ಮ ಮುಂದೆ ನಿಂತಿರುವುದು ಮೂಲ ಭಾಷಣಕಾರನಲ್ಲ, ಅವರ ನಕಲು. ನಕಲುಗಳನ್ನು ಬಿಡುಗಡೆ ಮಾಡುವ ಸಮಾರಂಭಕ್ಕೆ ಇದಕ್ಕಿಂತ ತಕ್ಕದ್ದು ಇನ್ನೇನಿದೆ?

ಮೊದಲಿಗೆ, ನನ್ನ ಹಿಂದಿನ ಗೋಡೆಯ ಮೇಲಿರುವವರ ಪರಿಚಯ. ಹೆಂಗಸರ ವಯಸ್ಸು ಹೇಳಬಾರದು ನಿಜ, ಆದರೆ ಸಂಗ್ರಹಾಲಯದವರೇ ಚೌಕಟ್ಟಿನ ಕೆಳಗೆ ಬರೆಸಿಬಿಟ್ಟಿದ್ದಾರೆ: ಐನೂರು ವರ್ಷ. ಪುನರುಜ್ಜೀವನ ಕಾಲದ ಚಿತ್ರ. ಬರೆದವನ ಹೆಸರು ಗೊತ್ತಿಲ್ಲ, ಬರೆಸಿಕೊಂಡವಳ ಹೆಸರೂ ಗೊತ್ತಿಲ್ಲ. ಹಸಿರು ಮಖಮಲ್ಲಿನ ಉಡುಪು, ಅಗಲವಾದ ಹಣೆ, ಹುಡುಕಿದರೂ ಸಿಗದ ಹುಬ್ಬು, ಬಾಗಿಲಲ್ಲಿ ಯಾರೋ ಬಂದರೇನೋ ಎಂಬಂತೆ ತುಸು ಓರೆಯಾದ ನೋಟ. ಎಡಗೈಯ ಮಣಿಕಟ್ಟಿನ ಮೇಲೆ ಹಗುರಾಗಿ ಇಟ್ಟ ಬಲಗೈ. ವರ್ಷಗಳಿಂದ ಈಕೆಯ ನಕಲು ಅಚ್ಚು ಹಾಕುತ್ತಿರುವ ಮುದ್ರಣಾಲಯದ ಕೆಲಸಗಾರರು ಈಕೆಯನ್ನು ಹಸಿರಮ್ಮ ಎನ್ನುತ್ತಾರೆ. ನನ್ನ ಅಕ್ಕ ಮಾತ್ರ ಸವತಿ ಎನ್ನುತ್ತಾಳೆ. "ಇವತ್ತಾದ್ರೂ ನನ್ನ ಸವತಿ ಮೈಬಣ್ಣ ಸರಿಹೋಯ್ತೇನ್ರೀ?" ಎಂದು ಕೇಳದೆ ಭಾವನಿಗೆ ಊಟ ಬಡಿಸಿದ್ದೇ ಇಲ್ಲ.

ನಕಲು ಎಂದರೆ ಮೂಗು ಮುರಿಯುವವರುಂಟು. ನಮ್ಮ ಮನೆಯಲ್ಲೂ ಇದ್ದರು. ಅಕ್ಕನಿಗೆ ಈ ಸಂಬಂಧ ಬಂದಾಗ ನಮ್ಮ ಅಪ್ಪ, "ಹೋಗಿ ಹೋಗಿ ನಕಲು ಮಾಡೋನಿಗೆ ಮಗಳನ್ನ ಕೊಡೋದಾ?" ಎಂದರು. "ನಕಲು ಮಾಡ್ತಾನೆ, ನಕಲಿ ಅಲ್ವಲ್ಲ, ಸುಮ್ಮನಿರಿ" ಎಂದಳು ಅಮ್ಮ. ನಮ್ಮ ಮನೆಯಲ್ಲಿ ಚರ್ಚೆಗಳು ಹಾಗೆ ಮುಗಿಯುತ್ತಿದ್ದವು. ಮಹನೀಯರೇ, ಮೂಲಚಿತ್ರ ದೊಡ್ಡದು, ಸಂದೇಹವೇ ಇಲ್ಲ. ಆದರೆ ಮೂಲಚಿತ್ರವನ್ನು ನೋಡಲು ನಾವು ಹೋಗಬೇಕು. ನಕಲು ನಮ್ಮನ್ನು ನೋಡಲು ಬರುತ್ತದೆ. ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ, ಒಳಗೆ ಯಂತ್ರ ಕಿರುಗುಟ್ಟುತ್ತಿರುವಾಗ, ನನಗೆ ಧೈರ್ಯ ಹೇಳಿದ್ದು ಈ ಹಸಿರಮ್ಮ. ಮೂಲಚಿತ್ರ ಅಲ್ಲಿಗೆ ಬರುತ್ತಿತ್ತೇ?

ಅಮ್ಮ ಹೋದ ಮೇಲೆ ಅಕ್ಕ ನನ್ನನ್ನು, "ಒಬ್ಬನೇ ಏನು ಮಾಡ್ತೀಯ, ನಾಲ್ಕು ದಿನ ಬಂದಿರು" ಎಂದು ಕರೆದಳು. ಅವರ ಮಹಡಿಯ ಕೋಣೆಗೆ ಹೋದೆ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ನನ್ನ ತಲೆ ನರೆತಿದೆ. ಹಾಗಾಗಿ ನಾನು ಹೇಳುವುದು ಪಕ್ಕದ ಮನೆಯ ಸುದ್ದಿಯಲ್ಲ, ಒಂದೇ ಮೇಜಿನ ಸುದ್ದಿ.

ಮುದ್ರಣಾಲಯದಲ್ಲಿ ಭಾವನ ಕೋಣೆ ನೀವು ನೋಡಿರಲಾರಿರಿ. ಬಣ್ಣಗಳ ಒಡೆಯನ ಕೋಣೆಯಲ್ಲಿ ಬಣ್ಣವೇ ಇಲ್ಲ. ಗೋಡೆ ಬೂದು, ಮೇಜು ಬೂದು, ಹಾಕಿಕೊಳ್ಳುವ ಕೋಟೂ ಬೂದು. ಕೆಂಪು ಅಂಗಿಯವನು ಒಳಗೆ ಬಂದರೆ ಆ ಕೆಂಪು ಕಾಗದದ ಮೇಲೆ ಬಿದ್ದು ಕಣ್ಣಿಗೆ ಸುಳ್ಳು ಹೇಳುತ್ತದಂತೆ. ಅಲ್ಲಿ, ಹಗಲಿನಂಥ ದೀಪದಡಿ, ಹತ್ತಿಯ ಕಾಗದದ ಮೇಲೆ ಇಳಿದ ಪರೀಕ್ಷೆಯ ಪ್ರತಿಯನ್ನು ಹಾಸಿ, ಬಣ್ಣ ಮೂಲಚಿತ್ರಕ್ಕೆ ತಾಳೆಯಾಯಿತೇ ಎಂದು ಅವರು ನೋಡುತ್ತಾರೆ. ಹಸಿರಿಗೆ, ಕಪ್ಪಿಗೆ ಅಳತೆಯ ಯಂತ್ರವಿದೆ. ಮೈಬಣ್ಣಕ್ಕೆ ಮಾತ್ರ ಅವರದು ಬೇರೆ ಲೆಕ್ಕ. ಚಿತ್ರದ ಕೈಯ ಪಕ್ಕದಲ್ಲಿ ಜೀವಂತ ಕೈಯೊಂದನ್ನು ಇಟ್ಟು ನೋಡಬೇಕು. ಆ ಕೈ ನನ್ನ ಅಕ್ಕನದು. ಲೋಕದಲ್ಲಿ ಗಂಡಂದಿರು ಕೈ ಹಿಡಿದವಳನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ; ಇವರು ಕೈಯನ್ನೂ ಕರೆದುಕೊಂಡು ಹೋಗುವವರು.

ನಾನೊಮ್ಮೆ ಕೇಳಿದೆ: "ಭಾವ, ಆಕೆ ಹಾಲು ಬಿಳುಪು, ಅಕ್ಕ ಗೋಧಿಬಣ್ಣ. ಎತ್ತಣಿಂದೆತ್ತ ತಾಳೆ?"

"ಬಣ್ಣ ಯಾರು ನೋಡ್ತಾರೆ, ಮಾರಾಯ? ಚರ್ಮದ ಕೆಳಗೆ ರಕ್ತ ಓಡ್ತಿದೆಯೋ ಇಲ್ವೋ ನೋಡೋದು. ಇವಳದ್ದು ಓಡ್ತಿದೆ. ಅವಳದ್ದೂ ಹಾಗೇ ಕಾಣ್ಬೇಕು."

ಹೋದ ವರ್ಷ ಸಂಗ್ರಹಾಲಯದವರು ಮೂಲಚಿತ್ರಕ್ಕೆ ಸ್ನಾನ ಮಾಡಿಸಿದರು. ಹಳೆಯ ಹಳದಿ ವಾರ್ನಿಷ್ ಹೋಯಿತು, ಹಸಿರಮ್ಮನಿಗೆ ಕೆನ್ನೆ ಬಂತು. ನಮ್ಮ ಹಳೆಯ ಪ್ರತಿಗಳೆಲ್ಲ ಒಂದೇ ದಿನಕ್ಕೆ ಕಾಮಾಲೆ ಹಿಡಿದವರಂತೆ ಕಂಡವು. ಹೊಸದಾಗಿ ಅಚ್ಚು ಹಾಕಬೇಕು. ಭಾವ ಅಕ್ಕನನ್ನು ಕರೆದುಕೊಂಡು ಸಂಗ್ರಹಾಲಯಕ್ಕೆ ಹೋದರು, ನಾನೂ ಬಾಲದಂತೆ ಹೋದೆ. ಹಗ್ಗದ ಈಚೆ ನಿಂತು ಅಕ್ಕ ಕೈ ಚಾಚಿದಳು.

"ಅಮ್ಮಾ, ಕೈ ಹಿಂದೆ ತಗೊಳ್ಳಿ" ಎಂದ ಕಾವಲುಗಾರ.

"ಮುಟ್ಟಲ್ಲಪ್ಪ. ನನ್ನ ಸವತಿ, ನಾನು ಯಾಕೆ ಮುಟ್ಲಿ?" ಎಂದಳು ಅಕ್ಕ.

ಭಾವ ಬಹಳ ಹೊತ್ತು ಎರಡು ಕೈಗಳನ್ನೂ ನೋಡಿದರು. ಅಕ್ಕನಿಗಿಂತ ಆಕೆ ಎಷ್ಟು ತಿಳಿ, ಬೆರಳ ತುದಿಯಲ್ಲಿ ಎಷ್ಟು ಕೆಂಪು, ಆ ಅಂತರವನ್ನು ಕಣ್ಣಲ್ಲಿ ತುಂಬಿಕೊಂಡರು. ಅಲ್ಲಿ ಮೂಲ, ಇಲ್ಲಿ ನಕಲು, ನಡುವಿನ ಸೇತುವೆ ಅಕ್ಕನ ಕೈ. ಹೊಸ ಮುದ್ರಣದಲ್ಲಿ ಅಕ್ಕನ ಕೈವಾಡವಿದೆ ಎಂದು ನಾನು ಹೇಳಿದರೆ ಯಾರೂ ತಪ್ಪು ತಿಳಿಯಬಾರದು.

ಕೆಲಸ ಎಳೆಯಿತು. ಕಾಗದ ಬದಲಾಯಿತು, ಶಾಯಿ ಬದಲಾಯಿತು, ತಿಂಗಳುಗಳು ಹೋದವು. ಕೊನೆಗೆ ಭಾವ ಒಂದು ಪ್ರತಿ ಒಪ್ಪಿ ಕಳಿಸಿದರು. ಇಲ್ಲಿ ಕೂತಿರುವ ಮೇಡಂ ಅದನ್ನು ತಿರುಗಿ ಕಳಿಸಿದರು: ಮುಖ ಬಿಳಿಚಿಕೊಂಡಿದೆ. ಭಾವ ಮತ್ತೆ ಅಕ್ಕನನ್ನು ಕರೆಸಿ, ಕೈಗೆ ಕೈ ಇಟ್ಟು, ಇನ್ನೊಂದು ಪ್ರತಿ ತೆಗೆದರು. ಅದು ಇನ್ನೂ ಬಿಳುಪು. ಆಗ ಮೇಡಂ ಸ್ವತಃ ಬಂದರು.

"ನೋಡಿ, ನಮ್ಮ ಗೋಡೆ ಮೇಲಿರೋಳು ಆರೋಗ್ಯವಾಗಿದ್ದಾಳೆ. ನಿಮ್ಮ ಮೇಜಿನ ಮೇಲಿರೋಳಿಗೆ ಏನೋ ಕಾಯಿಲೆ."

"ನಾನು ಕೈ ಇಟ್ಟು ನೋಡಿದ್ದೀನಿ ಮೇಡಂ. ತಾಳೆಯಾಗುತ್ತೆ."

"ನಿಮ್ಮ ಅಳತೆ ಯಂತ್ರಾನೇ ನನ್ನ ಪರ ಇದೆಯಲ್ಲ?"

ಇತ್ತು. ಯಂತ್ರವೂ ಅದನ್ನೇ ಹೇಳಿತು. ಮುದ್ರಣಾಲಯದಲ್ಲಿ ಪಿಸುಮಾತು ಹುಟ್ಟಿತು: ಬಣ್ಣದ ಯಜಮಾನರ ಕಣ್ಣು ಮುಗೀತು. ಮಾಲೀಕರು ಗೌರವದಿಂದಲೇ, ಇನ್ನು ವಿಶ್ರಾಂತಿ ತಗೊಳ್ಳಬಹುದಲ್ಲ ಎಂದರು. ಕಣ್ಣೇ ಕಸುಬಾದವನಿಗೆ ಅದು ಎಂಥ ಮಾತು, ಸಭಿಕರೇ? ಆ ದಿನಗಳಲ್ಲಿ ಮನೆಯಲ್ಲಿ ಮಾತಾಡುತ್ತಿದ್ದವನು ನಾನೊಬ್ಬನೇ. ಅಕ್ಕ ನನ್ನ ಕೋಣೆಗೆ ಬಟ್ಟೆ ತರುವಾಗ ಮೆಟ್ಟಿಲ ನಡುವೆ ಕೂತುಬಿಡುತ್ತಿದ್ದಳು. "ಏನಕ್ಕ, ಅರ್ಧ ದಾರಿಗೆ ಟಿಕೆಟ್ಟು ತಗೊಂಡಿದ್ದೀಯಾ?" ಎನ್ನುತ್ತಿದ್ದೆ. ಒಳ್ಳೆಯ ತಮಾಷೆ. ಅವಳೂ ನಗುತ್ತಿದ್ದಳು, ಕಟಕಟೆ ಹಿಡಿದುಕೊಂಡು.

ಎಲ್ಲಿಗೆ ಬಂದೆ? ಕಣ್ಣು. ಭಾವ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಅಕ್ಷರ ಓದಿಸಿದರು, ಬಣ್ಣದ ಚುಕ್ಕಿ ತೋರಿಸಿದರು, ದೀಪ ಬಿಟ್ಟರು. "ಕಣ್ಣು ಸರಿಯಾಗಿದೆ" ಎಂದರು ಡಾಕ್ಟರು. ಬೇರೆಯವರಾದರೆ ಸಂತೋಷದಿಂದ ಮನೆಗೆ ಬರುತ್ತಿದ್ದರು. ಭಾವ ಹೆದರಿಕೊಂಡು ಬಂದರು. ಚಿತ್ರ ಸರಿ, ಯಂತ್ರ ಸರಿ, ಕಣ್ಣೂ ಸರಿ ಎಂದಾದರೆ ಉಳಿದದ್ದೇನು?

ಮಧ್ಯಾಹ್ನ. ಅಕ್ಕ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಭಾವ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಅವಳ ಕೈ ಹಿಡಿದು ಕಿಟಕಿಯ ಬೆಳಕಿಗೆ ಒಯ್ದರು. ಉಗುರು ಒತ್ತಿ ನೋಡಿದರು. ಅಂಗೈ ತಿರುಗಿಸಿ ನೋಡಿದರು.

"ಏಳು, ಡಾಕ್ಟರ ಹತ್ರ ಹೋಗೋಣ."

"ಕಣ್ಣು ಕೆಟ್ಟಿದ್ದು ನಿಮ್ಮದು. ಡಾಕ್ಟರು ನನಗ್ಯಾಕ್ರೀ?"

"ಏಳು ಅಂದೆ."

ಅಕ್ಕನ ಹೊಟ್ಟೆಯೊಳಗೆ ಒಂದು ಗಡ್ಡೆ ಬೆಳೆದು ತಿಂಗಳುಗಳಿಂದ ಸದ್ದಿಲ್ಲದೆ ರಕ್ತ ಹೋಗುತ್ತಿತ್ತು. ದಿನಾ ನೋಡುವವರಿಗೆ ಕಾಣದಷ್ಟು ನಿಧಾನ. ಅವಳ ಕೈ ಬಿಳಿಚಿದಷ್ಟೂ ಭಾವ ಹಸಿರಮ್ಮನನ್ನು ಬಿಳಿಚಿಸುತ್ತಿದ್ದರು. ಅಂತರ ಮಾತ್ರ ಕೂದಲೆಳೆಯಷ್ಟೂ ತಪ್ಪಿಸಿರಲಿಲ್ಲ. ಕಾಯಿಲೆ ಹೆಂಡತಿಗೆ, ಕಂಡಿದ್ದು ಸವತಿಯ ಮುಖದಲ್ಲಿ. "ಇನ್ನು ಸ್ವಲ್ಪ ತಡವಾಗಿದ್ದರೆ" ಎಂದು ಡಾಕ್ಟರು ಮಾತು ಶುರು ಮಾಡಿದರು. ನಾನು ನೀರು ಕುಡಿಯಲು ಹೊರಗೆ ಹೋದೆ.

ಶಸ್ತ್ರಚಿಕಿತ್ಸೆಯಾಯಿತು. ಅಕ್ಕ ಹಾಸಿಗೆ ಹಿಡಿದಳು. ಮುದ್ರಣದ ದಿನ ಹತ್ತಿರವಾಗುತ್ತಿತ್ತು. ಮಾಲೀಕರು ಒಳ್ಳೆಯ ಮನಸ್ಸಿನಿಂದ, "ಸ್ವಾಗತದ ಮೇಜಿನ ಹುಡುಗಿ ಇದ್ದಾಳೆ, ಅವಳ ಕೈ ಇಟ್ಟು ನೋಡಿ" ಎಂದರು.

"ಆ ಕೈ ಚಿತ್ರವನ್ನ ನೋಡಿಲ್ಲ" ಎಂದರು ಭಾವ.

ಹಾಗಾದರೆ ಯಂತ್ರ ಹೇಳಿದಂತೆ ಅಚ್ಚು ಹಾಕಿಸಿ ಮುಗಿಸಬಾರದೇ ಎಂದು ಎಲ್ಲರೂ ಕೇಳಿದೆವು. ಅವರು ಅಕ್ಕನ ಹೊದಿಕೆ ಸರಿಪಡಿಸಿದರು. ಆಸ್ಪತ್ರೆಗೆ ಬಂದಿದ್ದ ಮೇಡಂ ಅವರೇ ಅರ್ಥಮಾಡಿಕೊಂಡು, "ಐನೂರು ವರ್ಷ ಕಾದಿದ್ದಾಳೆ, ಇನ್ನಷ್ಟು ಕಾಯ್ತಾಳೆ ಬಿಡಿ" ಎಂದರು. ಮೇಡಂ, ನಿಮ್ಮನ್ನು ನಾನು ಮನೆಯಲ್ಲಿ ಬಹಳ ಬೈದಿದ್ದೆ. ಅಂದು ನಿಲ್ಲಿಸಿದೆ.

ಕೊನೆಗೊಂದು ದಿನ, ರಕ್ತ ಮೊದಲಿನಂತಾಗಿದೆ ಎಂದು ವೈದ್ಯರು ಹೇಳಿದರು. ಭಾವ ತಲೆಯಾಡಿಸಿದರು, ಪೂರಾ ನಂಬಿದಂತೆ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕನನ್ನು ನಿಧಾನವಾಗಿ ನಡೆಸಿಕೊಂಡು ಆ ಬೂದು ಕೋಣೆಗೆ ಕರೆತಂದರು. ಮೇಡಂ ಇದ್ದರು, ನಾನಿದ್ದೆ, ಅಚ್ಚಿನ ಮಷೀನಿನವನು ಬಾಗಿಲಲ್ಲಿದ್ದ. ಯಂತ್ರ ಒಪ್ಪಿದ ಹೊಸ ಪ್ರತಿ ಮೇಜಿನ ಮೇಲಿತ್ತು. ಅಕ್ಕ ಹಸಿರಮ್ಮನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಭಾವ ಬಗ್ಗಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಅವರು ಯಾರ ಕೈ ನೋಡುತ್ತಿದ್ದರೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು, ಈ ಮಾತಿನ ಮಲ್ಲ, ಒಂದು ತಮಾಷೆಗಾಗಿ ತಡಕಾಡಿದೆ; ಸಿಗಲಿಲ್ಲ.

"ಬಿಡ್ಲಾ ಸಾರ್?" ಎಂದ ಮಷೀನಿನವನು.

"ಬಿಡು" ಎಂದರು ಭಾವ.

ಆಚೆ ಅಚ್ಚಿನ ಯಂತ್ರ ಓಡತೊಡಗಿತು. ಮೊದಲ ಹಾಳೆ ಹೊರಬಂದ ಸದ್ದು ಕೇಳಿಸಿತು.

"ಆಯ್ತಲ್ಲ, ಕೈ ತೆಗೀಲಾ?" ಎಂದಳು ಅಕ್ಕ.

"ಬೇಡ. ಇರಲಿ."

ಇಷ್ಟೇ ನನ್ನ ಮಾತು. ಚಿತ್ರ ಬರೆದ ಆ ಹೆಸರಿಲ್ಲದವನಿಗೆ, ಕಾದ ಮೇಡಂ ಅವರಿಗೆ, ಗಡಿಯಾರ ನೋಡುವುದನ್ನು ನಿಲ್ಲಿಸಿದ ಮಾಲೀಕರಿಗೆ, ಚಹಾ ಆರಿದರೂ ಕೂತಿದ್ದ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.