ಕೋಬಾಲ್ಟ್ ಪುಡಿ ಒರೆಸಿದ ಕಾಗದ

ಹೆಸರು ಗುಲ್ಚಿನ್ ಎರ್ಸೋಯ್, ವಯಸ್ಸು 29, ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ವಾಸ ಒದುನ್‌ಪಜಾರಿ, ಎಸ್ಕಿಶೆಹಿರ್. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಪ್ರಯೋಗಾಲಯದಲ್ಲಿ ಬೋರೋಹೈಡ್ರೈಡ್ ಎಂಬ ಬಿಳಿ ಲವಣವನ್ನು ನೀರಿನಲ್ಲಿ ಕರಗಿಸಿ, ಕೋಬಾಲ್ಟ್ ಪುಡಿ ಹಾಕಿ ಹೈಡ್ರೋಜನ್ ತೆಗೆಯುತ್ತೇವೆ. ಪುಡಿ ಖರ್ಚಾಗುವುದಿಲ್ಲ, ಅಯಸ್ಕಾಂತದಿಂದ ಹಿಡಿದು ಮತ್ತೆ ಬಳಸುತ್ತೇವೆ. ಒದ್ದೆಯಿರುವಷ್ಟು ಹೊತ್ತು ಅದು ಸಾಧು. ಒಣಗಿದರೆ ಗಾಳಿಗೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಪುಡಿ ಒರೆಸಿದ ಕಾಗದವನ್ನು ನೀರಿನ ಡಬ್ಬಿಗೇ ಹಾಕಬೇಕು. ಈ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವಳು ನಾನೇ.

ಜನವರಿ 15, ಮಂಗಳವಾರ ಮಧ್ಯಾಹ್ನ 3.10ಕ್ಕೆ ಒಂದೇ ಪುಡಿ ಐವತ್ತನೇ ಸಲವೂ ಸೋಲದೆ ಅನಿಲ ಕೊಟ್ಟಿತು. ಎರಡು ವರ್ಷ ಕಾದ ಫಲಿತಾಂಶ. ಒಳ್ಳೆಯ ಫಲಿತಾಂಶ ಬಂದವರು ಬಕ್ಲಾವಾ ಎಂಬ ಸಿಹಿ ಹಂಚುವುದು ನಮ್ಮಲ್ಲಿ ಪದ್ಧತಿ. ಅಯಸ್ಕಾಂತ ಒರೆಸಿದ ಕಾಗದ ಕೈಯಲ್ಲಿದ್ದಂತೆಯೇ ಸಿಹಿ ಹಂಚಲು ಪಕ್ಕದ ಚಹಾ ಕೋಣೆಗೆ ಓಡಿದೆ. ಅಲ್ಲಿ ಹೀಟರಿನಿಂದ ಒಂದಡಿ ದೂರದ ಕಸದ ಬುಟ್ಟಿಗೆ ಆ ಕಾಗದವನ್ನು ಎಸೆದೆ.

4.05ಕ್ಕೆ ಬುಟ್ಟಿ ಹೊತ್ತಿಕೊಂಡು ಕಿಟಕಿಯ ಪರದೆಗೆ ಹಿಡಿಯಿತು. ಸ್ವಚ್ಛತಾ ಕೆಲಸದ ಸಾತಿ ಅಕ್ಕ, 52 ವರ್ಷ, ಬರಿಗೈಯಲ್ಲಿ ಪರದೆ ಎಳೆದು ಆರಿಸಿದರು. ಬಲಗೈ ಸುಟ್ಟುಹೋಯಿತು. ನಮ್ಮ ಪ್ರಯೋಗಾಲಯದ ಪ್ರೊಫೆಸರ್ ತಹಸೀನ್ ಬಂದು, ಸಾತಿ ಅಕ್ಕನತ್ತ ತಿರುಗಿ, "ಎಲ್ಲೆಂದ್ರಲ್ಲಿ ಸಿಗರೇಟು ಬಿಸಾಕಿದ್ರೆ ಇನ್ನೇನಾಗುತ್ತೆ" ಎಂದರು. ತಾನು ಸೇದುವುದು ಅಂಗಳದಲ್ಲಿ, ಬೆಕ್ಕುಗಳ ಹತ್ತಿರ ಮಾತ್ರ, ನಂಬಿಕೆ ಇಲ್ಲದಿದ್ದರೆ ಬೆಕ್ಕುಗಳನ್ನೇ ವಿಚಾರಿಸಿ ಎಂದು ಸಾತಿ ಅಕ್ಕ ಹೇಳಿದರು. ಯಾರೂ ನಗಲಿಲ್ಲ. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ, ಬಾಯಿ ಬಿಡಲಿಲ್ಲ. ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಹೇಳಲು ನಾಚಿಕೆಯಾಗುತ್ತದೆ.

ನಿನ್ನೆ ಸಂಜೆ 6ಕ್ಕೆ ಸೂಪು ತೆಗೆದುಕೊಂಡು ಅವರ ಮನೆಗೆ ಹೋದೆ. ಕೆಲಸವಾದರೂ ಉಳಿಯಲಿ ಎಂದು, ಬೆಂಕಿ ತನ್ನ ಸಿಗರೇಟಿನದೇ ಎಂಬ ತಪ್ಪೊಪ್ಪಿಗೆಗೆ ಪೊಲೀಸರ ಮುಂದೆ ಎಡಗೈ ಹೆಬ್ಬೆಟ್ಟು ಒತ್ತಿದ್ದಾಗಿಯೂ, ಆಮೇಲೂ ತನ್ನನ್ನು ಕೆಲಸದಿಂದ ತೆಗೆದುಹಾಕಿದ್ದಾಗಿಯೂ ತಿಳಿಸಿದರು. "ನೀನ್ಯಾಕಮ್ಮ ಅಳ್ತೀಯ? ಹೋಗಿ ಓದ್ಕೋ, ಪರೀಕ್ಷೆ ಹತ್ರ ಬಂತು" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಇಂದು ಇದನ್ನು ಹೇಳಿದಾಗ ಅಧಿಕಾರಿಗಳು, ಕಾಗದ ತಾನಾಗಿ ಹೊತ್ತುವುದು ನಂಬುವ ಮಾತಲ್ಲ ಎಂದರು. ನಾನು ತಂದಿದ್ದ ಒದ್ದೆ ಪುಡಿಯನ್ನು 10.20ಕ್ಕೆ ಕಾಗದಕ್ಕೆ ಸವರಿ, ತಟ್ಟೆಯಲ್ಲಿಟ್ಟು ಠಾಣೆಯ ಹೀಟರಿನ ಮೇಲೆ ಇರಿಸಿದೆ. 10.58ಕ್ಕೆ ಅಂಚು ಕೆಂಪಾಗಿ ಹೊತ್ತಿತು. ಅಧಿಕಾರಿಗಳು ಲೋಟದಲ್ಲಿದ್ದ ಚಹಾ ಸುರಿದು ಆರಿಸಿ, ಸಾತಿ ಅಕ್ಕನ ಕಡತ ತರಿಸಿದರು. ಅದರಲ್ಲಿ ಆರೋಪಿ ಎಂದು ಅವರ ಹೆಸರಿರುವ ಕಡೆ ನನ್ನ ಹೆಸರು ಬರೆಯಬೇಕೆಂದು ಕೋರುತ್ತೇನೆ.

ನಾನು ಹೇಳಿದಂತೆಯೇ ಬರೆಯಲಾಗಿದೆ. ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ.

ಎಸ್ಕಿಶೆಹಿರ್, 17 ಜನವರಿ 2019
(ಸಹಿ) ಗುಲ್ಚಿನ್ ಎರ್ಸೋಯ್