ಎದುರು ಮನೆ ಬಾಗಿಲ ಹಿಮ

ನಮ್ಮ ಕೇರಿ ಸಂಘದ ಅಧ್ಯಕ್ಷರಾದ ಒಕುಯಾಮಾ ಅವರೇ, ಸ್ಟೋವಿಗೆ ಅತಿ ಹತ್ತಿರದ ಕುರ್ಚಿಗಳನ್ನು ಜಾಣತನದಿಂದ ಹಿಡಿದಿರುವ ಅತಿಥಿಗಳೇ, ಇವತ್ತು ನಾವು ಬೀಳ್ಕೊಡುತ್ತಿರುವ ಮಿಕಾಮಿ ತೊಯೊ ಅವರೇ, ಬೂಟು ಕಳಚಿ ಬೆಚ್ಚಗೆ ಕುಳಿತು ಈ ಭಾಷಣ ಯಾವಾಗ ಮುಗಿದೀತು ಎಂದು ಕಾಯುತ್ತಿರುವ ಸಭಿಕರೇ,

ಅಧ್ಯಕ್ಷರು ನನಗೆ ಕೊಟ್ಟಿರುವ ವಿಷಯ 'ಅಸಾಹಿಕಾವಾ ನಗರದ ಭೂಗೋಳ, ಇತಿಹಾಸ ಮತ್ತು ಹವಾಮಾನ'. "ಹೊಂಮಾ ಮೇಷ್ಟ್ರೇ, ಹತ್ತೇ ನಿಮಿಷ. ಕೊನೇಲಿ ಮಿಕಾಮಿ ಅವರ ಬಗ್ಗೆ ಎರಡು ಒಳ್ಳೇ ಮಾತು ಹೇಳಿ ಮುಗಿಸಿಬಿಡಿ. ಸಾರು ಆರೋಗತ್ತೆ" ಎಂದು ಎಚ್ಚರಿಸಿದ್ದಾರೆ. ಜೀವಮಾನವೆಲ್ಲ ಭೂಗೋಳ ಪಾಠ ಮಾಡಿದವನಿಗೆ ಹತ್ತು ನಿಮಿಷ ಯಾವ ಮೂಲೆಗೆ ಸಾಕು, ಹೇಳಿ? ನನ್ನ ತರಗತಿಯ ಮಕ್ಕಳು ಪೂರ್ತಿ ನಿದ್ದೆಹೋಗುವುದಕ್ಕೇ ಹದಿನೈದು ನಿಮಿಷ ಬೇಕಾಗುತ್ತಿತ್ತು. ಅವರಲ್ಲಿ ಕೆಲವರು ಇವತ್ತು ಇಲ್ಲೇ ಇದ್ದಾರೆ, ಆಗಲೇ ಆಕಳಿಸುತ್ತಿದ್ದಾರೆ.

ಮೊದಲು ಭೂಗೋಳ. ಜಪಾನಿನ ಉತ್ತರದಲ್ಲಿರುವ ನಮ್ಮ ಊರು ಒಂದು ಬಾಣಲೆ. ಸುತ್ತಲೂ ಬೆಟ್ಟ, ತಳದಲ್ಲಿ ನಾವು. ಚಳಿಗಾಲದಲ್ಲಿ ಚಳಿ ಬೆಟ್ಟದಿಂದ ಇಳಿದು ಬಂದು ಇಲ್ಲಿ ಕೂರುತ್ತದೆ, ಬೇಸಿಗೆಯಲ್ಲಿ ಸೆಕೆ ಬಂದು ಕೂರುತ್ತದೆ. ಒಮ್ಮೆ ಕೂತರೆ ಎರಡಕ್ಕೂ ಏಳುವ ಬುದ್ಧಿಯಿಲ್ಲ. ಆ ವಿಷಯದಲ್ಲಿ ಅವು ನನ್ನ ಹಾಗೆ. ಇನ್ನು ನದಿಗಳು. ಇಶಿಕಾರಿಗೆ ಚುಬೆತ್ಸು, ಬಿಎಯಿ, ಉಶುಬೆತ್ಸು ಎಲ್ಲವೂ ನಮ್ಮ ಊರಿಗೇ ಬಂದು ಸೇರುತ್ತವೆ. ನದಿಗಳಿಗೆ ಸೇರುವುದು ಎಷ್ಟು ಸುಲಭ! ಅಕ್ಕಪಕ್ಕದಲ್ಲಿ ಹರಿಯುತ್ತಾ ಬಂದು, ಒಂದು ಕಡೆ, ಯಾರನ್ನೂ ಕೇಳದೆ... ಇರಲಿ. ಅದು ಪಾಠದಲ್ಲಿಲ್ಲ.

ಎರಡನೆಯದು ಇತಿಹಾಸ. ಈ ನದಿಗಳ ದಡದಲ್ಲಿ ಐನು ಜನ ತಲೆತಲಾಂತರದಿಂದ ಬಾಳುತ್ತಿದ್ದರು. ಅದು ಗೊತ್ತಿದ್ದೂ ಸರ್ಕಾರ ಇದನ್ನು ಖಾಲಿ ಜಾಗವೆಂದು ಸಾರಿತು, ಕೈಗೆ ಬಂದೂಕು, ಹೆಗಲಿಗೆ ಗುದ್ದಲಿ ಕೊಟ್ಟು ನಮ್ಮಂಥವರನ್ನು ಸಾಲುಸಾಲಾಗಿ ಕಳಿಸಿತು. ನನ್ನ ಮುತ್ತಜ್ಜ ಬಂದದ್ದು ಶಿಕೊಕು ದ್ವೀಪದಿಂದ, ಕಿತ್ತಳೆ ಬೆಳೆಯುವ ಸೀಮೆಯಿಂದ. ಆತ ನವೆಂಬರಿನಲ್ಲಿ ಮೊದಲ ಹಿಮ ಬಿದ್ದಾಗ ಹೊರಗೆ ಬಂದು, "ಇದು ಇನ್ನೆಷ್ಟು ಹೊತ್ತು ಇರತ್ತೆ?" ಎಂದು ಕೇಳಿದನಂತೆ. ಏಪ್ರಿಲ್‌ವರೆಗೂ ಯಾರೂ ಅವನಿಗೆ ನಿಜ ಹೇಳಲಿಲ್ಲ. ನಮ್ಮ ವಂಶದಲ್ಲಿ ವಿಷಯ ಅರ್ಥವಾಗುವುದು ಯಾವಾಗಲೂ ಸ್ವಲ್ಪ ತಡವೇ.

ಮೂರನೆಯದು ಹವಾಮಾನ. ಸಾವಿರದ ಒಂಬೈನೂರ ಎರಡನೇ ಇಸವಿಯ ಜನವರಿಯಲ್ಲಿ ನಮ್ಮ ಊರಿನಲ್ಲಿ ಸೊನ್ನೆಗಿಂತ ಕೆಳಗೆ ನಲವತ್ತೊಂದು ಡಿಗ್ರಿ ಚಳಿ ಬಿತ್ತು. ಜಪಾನಿನಲ್ಲಿ ಆ ದಾಖಲೆ ಇನ್ನೂ ನಮ್ಮದೇ. ಬೇರೆ ಊರಿನವರು ತಾವು ಕಟ್ಟಿದ್ದನ್ನು ತೋರಿಸಿ ಹೆಮ್ಮೆ ಪಡುತ್ತಾರೆ, ನಾವು ಮರಗಟ್ಟಿದ್ದನ್ನು ತೋರಿಸಿ ಹೆಮ್ಮೆ ಪಡುತ್ತೇವೆ. ರೈಲಿನಲ್ಲಿ ಟೋಕಿಯೋದವರು ಸಿಕ್ಕರೆ ಸಾಕು, ಆ ಚಳಿಯನ್ನು ನಾನೇ ಕೈಯಾರೆ ತಯಾರಿಸಿದವನ ಹಾಗೆ ಬಡಾಯಿ ಕೊಚ್ಚುತ್ತೇನೆ. ಆದರೆ ಹೋದ ವರ್ಷ ಟೋಕಿಯೋದಲ್ಲಿ ತಂಗಿ ಮಗಳ ಮನೆಗೆ ಹೋದಾಗ, ಅಲ್ಲಿನ ತಣ್ಣನೆಯ ಕೋಣೆಯಲ್ಲಿ ಓವರ್‌ಕೋಟು ಹಾಕಿಕೊಂಡೇ ಮಲಗಿದೆ. ನಾವು ಹೊರಗಿನ ಚಳಿಯ ವೀರರು. ಮನೆಯೊಳಗೆ ಸ್ಟೋವು ಉರಿಸಿಕೊಂಡು ಬನಿಯನ್ನಿನಲ್ಲಿ ಐಸ್‌ಕ್ರೀಮು ತಿನ್ನುವ ವೀರರು.

ಹವಾಮಾನವೆಂದ ಮೇಲೆ ಹಿಮದ ಮಾತು ಬರಲೇಬೇಕು. ಬೆಳಕು ಹರಿಯುವ ಮೊದಲೇ ನಗರಸಭೆಯ ಗಾಡಿ ಬೀದಿಯ ಹಿಮವನ್ನೆಲ್ಲ ಗುಡಿಸಿ ಪ್ರತಿ ಮನೆಯ ಬಾಗಿಲಿಗೂ ಒಂದೊಂದು ಕಲ್ಲಿನಂಥ ದಿಬ್ಬ ಇಟ್ಟು ಹೋಗುತ್ತದೆ. ಅವರವರ ದಿಬ್ಬ ಅವರವರು ಎತ್ತಬೇಕು. ಪಕ್ಕದವರದ್ದನ್ನು ಎತ್ತಿದರೆ ಅವರು ಕೃತಜ್ಞತೆ ಹೇಳಬೇಕಾಗುತ್ತದೆ, ಕರಬೂಜದ ಪೆಟ್ಟಿಗೆ ತಂದು ಕೊಡಬೇಕಾಗುತ್ತದೆ, ಅದಕ್ಕೆ ನಾವು ಇನ್ನೇನಾದರೂ ಕೊಡಬೇಕಾಗುತ್ತದೆ. ಅದಕ್ಕೇ ಮರ್ಯಾದಸ್ಥರು ಎತ್ತುವುದಿಲ್ಲ. ಎತ್ತಿದರೂ ಒಪ್ಪಿಕೊಳ್ಳುವುದಿಲ್ಲ.

ನನ್ನಾಕೆ ತೀರಿಕೊಂಡ ವರ್ಷದ ಚಳಿಗಾಲ. ಬೆಳಿಗ್ಗೆ ಎದ್ದು ನೋಡಿದರೆ ಬೀದಿಯಲ್ಲೆಲ್ಲ ದಿಬ್ಬ, ನನ್ನ ಬಾಗಿಲಲ್ಲಿ ಮಾತ್ರ ಇಲ್ಲ! ದಿನಾ ಹೀಗೇ. ಎದುರು ಮನೆಯ ಮಿಕಾಮಿ ಅವರನ್ನು ಕೇಳಿದೆ. ಅವರ ಯಜಮಾನರು, ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿದ್ದವರು, ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. "ನಿಮ್ಮನೆ ಮುಂದೆ ಗಾಳಿ ಜಾಸ್ತಿ ಇರ್ಬೇಕು ಮೇಷ್ಟ್ರೇ. ಭೂಗೋಳ ಓದಿರೋರು ನೀವಲ್ವಾ, ನನ್ನನ್ಯಾಕೆ ಕೇಳ್ತೀರ?" ಎಂದರು. ನಾನು ಏನು ಮಾಡಿದೆ ಗೊತ್ತೇ? ನಂಬಿದೆ! ನಂಬಿದ್ದಷ್ಟೇ ಅಲ್ಲ, ಕರಿಹಲಗೆಯ ಮೇಲೆ ನಮ್ಮ ಬೀದಿಯ ನಕ್ಷೆ ಬರೆದು, ಬಾಣದ ಗುರುತು ಹಾಕಿ, ಗಾಳಿ ನನ್ನ ಮನೆಯ ಮೂಲೆಯಲ್ಲಿ ತಿರುಗಿ ಹಿಮವನ್ನು ಹೇಗೆ ಹೊತ್ತೊಯ್ಯುತ್ತದೆ ಎಂದು ಎರಡು ತರಗತಿಗೆ ಪಾಠ ಮಾಡಿದೆ. ಒಕುಯಾಮಾ ಅವರೇ, ನಗಬೇಡಿ. ನಿಮ್ಮ ಮಗ ಆ ತರಗತಿಯಲ್ಲೇ ಇದ್ದ.

ಒಂದು ಮುಂಜಾನೆ ಬೇಗ ಎಚ್ಚರವಾಯಿತು. ಪರದೆ ಸರಿಸಿ ನೋಡಿದೆ. ಆ ಗಾಳಿ ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು, ಮೊರದಂಥ ದೊಡ್ಡ ಸಲಿಕೆ ಹಿಡಿದು, ಏದುಸಿರು ಬಿಡುತ್ತಾ ನನ್ನ ದಿಬ್ಬ ತಳ್ಳುತ್ತಿತ್ತು.

ನಾನು ಬಾಗಿಲು ತೆರೆದು ಧನ್ಯವಾದ ಹೇಳಿದೆನೇ? ಇಲ್ಲ. ಮರುದಿನ ಇನ್ನೂ ಮುಂಚೆ ಎದ್ದು ಅವರ ದಿಬ್ಬ ಎತ್ತಿ ಬಂದೆ. ಅವರು ಅದಕ್ಕೂ ಮುಂಚೆ ಎದ್ದರು. ನಾನು ಅದಕ್ಕಿಂತ ಮುಂಚೆ. ಎಷ್ಟು ಚಳಿಗಾಲ ಹೀಗೇ ಕಳೆದವು! ಹಗಲು ಸಿಕ್ಕರೆ "ಇವತ್ತೂ ಚಳಿ ಅಲ್ವಾ", "ಹೌದು, ಚಳಿನೇ" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಈ ಜನವರಿಯಲ್ಲಿ ಒಮ್ಮೆ ಇಬ್ಬರೂ ಒಟ್ಟಿಗೇ ಹೊರಗೆ ಬಿದ್ದು ನಡುಬೀದಿಯಲ್ಲಿ ಎದುರಾಬದುರಾದೆವು. ಇಬ್ಬರ ಕೈಯಲ್ಲೂ ಸಲಿಕೆ. "ಎಲ್ಲಿಗೆ ಹೊರಟ್ರಿ?" ಎಂದೆ. "ಹೀಗೇ, ಸುಮ್ನೆ. ನೀವು?" "ನಾನೂ ಹೀಗೇ." ಅಷ್ಟು ಹೇಳಿ ಅವರು ನನ್ನ ಬಾಗಿಲಿಗೆ ಹೋದರು, ನಾನು ಅವರ ಬಾಗಿಲಿಗೆ ಹೋದೆ. ನನ್ನ ಬಾಳಿನ ಅತ್ಯಂತ ಸುಖದ ಬೆಳಿಗ್ಗೆ ಅದು.

ಆಮೇಲೆ ಅವರ ಭುಜ ಕೈಕೊಟ್ಟಿತು. ಇನ್ನು ಸಲಿಕೆ ಮುಟ್ಟಕೂಡದು ಎಂದರು ಡಾಕ್ಟರು. ಮಗ ಬಂದು ಸ್ಟೇಷನ್ನಿನ ಹತ್ತಿರ ಏಳನೇ ಮಹಡಿಯಲ್ಲಿ ಮನೆ ಗೊತ್ತುಮಾಡಿದರು. ಅಲ್ಲಿ ಎತ್ತುವುದಕ್ಕೆ ಹಿಮವಿಲ್ಲ. ಸುದ್ದಿ ತಿಳಿಸಲು ಮಿಕಾಮಿ ಅವರು ಮೊದಲು ಬಂದದ್ದು ನನ್ನ ಮನೆಗೆ. ಹೇಳಿ, ನನ್ನ ಮುಖ ನೋಡುತ್ತಾ ನಿಂತರು. ನಾನೇನೆಂದೆ? "ಒಳ್ಳೇದಾಯ್ತು. ಅಲ್ಲಿ ಫುಟ್‌ಪಾತ್ ಅಡೀಲಿ ಬಿಸಿನೀರಿನ ಕೊಳವೆ ಹಾಕಿದಾರೆ, ಹಿಮ ನಿಲ್ಲಲ್ಲ" ಎಂದೆ. ಕೊಳವೆಯ ಅಳತೆಯನ್ನೂ ಹೇಳಿದೆ. ಅವರು ಬಗ್ಗಿ ನಮಸ್ಕರಿಸಿ ಹೊರಟುಹೋದರು. ಇಂಥ ಇನ್ನೊಬ್ಬ ದಡ್ಡನನ್ನು ಈ ಬಾಣಲೆ ಹೆತ್ತಿಲ್ಲ.

ಸಭಿಕರೇ, ಹತ್ತು ನಿಮಿಷ ಯಾವಾಗಲೋ ಮುಗಿದಿದೆ, ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮಹಡಿ ಮನೆಯವರನ್ನು ನಾನು ಯಾವಾಗಲೂ ಆಡಿಕೊಂಡಿದ್ದೇನೆ. ಅವರು ಅಸಾಹಿಕಾವಾದಲ್ಲಿ ಬಾಳುವವರಲ್ಲ, ಕಿಟಕಿಯಿಂದ ಅದನ್ನು ನೋಡುವವರು ಎಂದಿದ್ದೇನೆ. ಆ ಮಾತನ್ನು ಇವತ್ತು ವಾಪಸು ಪಡೆಯುತ್ತೇನೆ. ಮಿಕಾಮಿ ಅವರೇ, ನೀವಿಲ್ಲದ ಬೀದಿಯಲ್ಲಿ ನನಗೆ ಎದ್ದೇಳುವುದಕ್ಕೆ ಕಾರಣವೇ ಇಲ್ಲ. ನನಗೆ ನಿಮ್ಮ ಮೇಲೆ ತುಂಬಾ ಪ್ರೀತಿ. ಆ ಏಳನೇ ಮಹಡಿಯಲ್ಲಿ ಇನ್ನೊಬ್ಬರಿಗೆ ಜಾಗವಿದೆಯೇ?

...ಮಿಕಾಮಿ ಅವರು ಎದ್ದು ನಿಂತಿದ್ದಾರೆ. ಏನೋ ಹೇಳುತ್ತಿದ್ದಾರೆ. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವಂತೆ, ನಾನೇ ಹೇಳಿಬಿಡುತ್ತೇನೆ. "ಜಾಗ ಇದೆ. ಇದನ್ನ ಹೋದ ವರ್ಷನೇ ಕೇಳಿದ್ರೆ ನನ್ನ ಭುಜನಾದ್ರೂ ಉಳೀತಿತ್ತಲ್ರೀ ಮೇಷ್ಟ್ರೇ" ಅಂತಿದ್ದಾರೆ.

ಅಧ್ಯಕ್ಷರೇ, ಗಡಿಯಾರ ಇಳಿಸಿ, ಪಾಠ ಮುಗಿಯಿತು. ಸಾರು ಆರಿಸಿದ್ದಕ್ಕೆ ಕ್ಷಮೆಯಿರಲಿ, ಕೇಳಿಸಿಕೊಂಡಿದ್ದಕ್ಕೆ ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ನಮಸ್ಕಾರ.